ಬಾಗಿಲ ಹಿಂದಿನ ಗೆರೆಗಳು

ಒಂದು ಗೇಣು ಉದ್ದದ ಈಚಲ ಕಡ್ಡಿ. ಒಂದು ತುದಿಯನ್ನು ಕಲ್ಲಿನ ಮೇಲಿಟ್ಟು ಜಜ್ಜಿ, ನಾರು ಬಿಡಿಸಿ ಕುಂಚ ಮಾಡಿದ್ದಾರೆ. ತುದಿಯಿಂದ ನಾಲ್ಕು ಬೆರಳು ಹಿಂದೆ ಸೆಣಬಿನ ದಾರ ಮೂರು ಸುತ್ತು. ನಾರಿನ ಸಂದಿಯಲ್ಲಿ ಕೆಮ್ಮಣ್ಣು ಗಟ್ಟಿಯಾಗಿ ಕೂತಿದೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಮೂಗಿನ ಹತ್ತಿರ ಹಿಡಿದರೆ ಮೊದಲು ಮಣ್ಣಿನ ವಾಸನೆ, ಅದರ ಹಿಂದೆ, ತೀರ ಸಣ್ಣಗೆ, ಸುಣ್ಣದ್ದು.

ಕಳೆದ ಡಿಸೆಂಬರಿನ ಒಂದು ಭಾನುವಾರ, ಮಕ್ತಲ್‌ನಲ್ಲಿ ನಾನಿರುವ ಬಾಡಿಗೆ ಕೋಣೆಯಲ್ಲಿ, ನಾನು ಪಾಠ ಹೇಳುವ ಶಾಲೆಗೆ ಕೊಡಬೇಕಾಗಿದ್ದ ಒಂದು ಅಂಕಪಟ್ಟಿಯನ್ನು ಹುಡುಕುತ್ತ ಹಳೆಯ ಬಟ್ಟೆಯ ಚೀಲಕ್ಕೆ ಕೈ ಹಾಕಿದೆ. ಅಂಕಪಟ್ಟಿ ಸಿಗಲಿಲ್ಲ. ಇದು ಸಿಕ್ಕಿತು. ಕೊಟ್ಟವರು ನಮ್ಮೂರಿನ ಗಂಟಿ ತಾತ. ಕೊಟ್ಟ ದಿನ ಚೀಲದೊಳಗೆ ಇಟ್ಟವಳು ಮತ್ತೆ ಅದನ್ನು ಹೊರಗೆ ತೆಗೆದಿರಲಿಲ್ಲ.

ನಮ್ಮೂರು ಮಾಗನೂರಿನಿಂದ ಕೃಷ್ಣೆಯ ಕಡೆಗೆ ಹೋಗುವ ದಾರಿಯಲ್ಲಿದೆ. ಊರೊಳಗೆ ಬೀರಪ್ಪನ ಗುಡಿಗೆ ಎದುರಾಗಿ ಒಂದು ಸಣ್ಣ ಚರ್ಚು. ಕಲ್ಲಿನ ಗೋಡೆ, ತಗಡಿನ ಮಾಡು, ತುದಿ ಚೂಪಾದ ಎರಡು ಕಿಟಕಿ, ಹೊರಗೆ ಎರಡು ಕಲ್ಲುಕಂಬಗಳ ನಡುವೆ ಒಂದು ಗಂಟೆ. ಆ ಗಂಟೆ ಬಾರಿಸುವುದು, ಕಸ ಗುಡಿಸುವುದು, ವರ್ಷಕ್ಕೊಮ್ಮೆ ಸುಣ್ಣ ಹಚ್ಚುವುದು ತಾತನ ಕೆಲಸ. ಅವರ ಅಪ್ಪನೂ ಅದನ್ನೇ ಮಾಡಿದ್ದರು. ಬೀರಪ್ಪನ ಡೊಳ್ಳು ಹೊರಟ ದಿನ, ಡೊಳ್ಳು ಇಳಿಸುವವರೆಗೆ ತಾತ ಗಂಟೆ ಮುಟ್ಟುತ್ತಿರಲಿಲ್ಲ. ಚರ್ಚಿನಲ್ಲಿ ಪ್ರಾರ್ಥನೆ ನಡೆಯುವಾಗ ನಮ್ಮ ಕುರುಬರು ಡೊಳ್ಳಿಗೆ ಕೋಲು ಹಾಕುತ್ತಿರಲಿಲ್ಲ. ಇದನ್ನು ಯಾರು ಯಾವಾಗ ಮಾತಾಡಿಕೊಂಡರೋ ಯಾರಿಗೂ ಗೊತ್ತಿರಲಿಲ್ಲ.

ಚರ್ಚು ಕಟ್ಟಿಸಿದ್ದು ಒಬ್ಬ ದೊರಸಾನಿ. ಇಂಗ್ಲೆಂಡಿನ ಯಾವುದೋ ಸಣ್ಣ ಹಳ್ಳಿಯವಳು. ತನ್ನೂರಿನ ಚರ್ಚು ಹೇಗಿತ್ತೆಂದು ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದಳಂತೆ, ನಮ್ಮ ಕಡೆಯ ಗೌಂಡಿಗಳು ಅದನ್ನು ನೋಡಿ ಕಟ್ಟಿದರಂತೆ. ಆ ಹಳ್ಳಿಯ ಒಂದು ಚಿತ್ರ ಚರ್ಚಿನೊಳಗೆ ಗಾಜಿನ ಚೌಕಟ್ಟಿನಲ್ಲಿ ತೂಗಾಡುತ್ತಿತ್ತು. ಗಿಡ್ಡ ಗೋಪುರ, ಸುತ್ತ ವಾಲಿದ ಗೋರಿಕಲ್ಲುಗಳು, ಅವುಗಳ ನಡುವೆ ಮೇಯುತ್ತಿರುವ ಕುರಿಗಳು. ಕೆಳಗೆ ಊರಿನ ಹೆಸರು ಇರಲಿಲ್ಲ. ಆದರೆ ತಾತ ಆ ಊರಿನ ಚರಿತ್ರೆಯನ್ನು ಪಕ್ಕದ ಊರಿನ ಸುದ್ದಿಯಂತೆ ಹೇಳುತ್ತಿದ್ದರು. ದೊರಸಾನಿ ಅವರ ಅಪ್ಪನಿಗೆ ಹೇಳಿದ್ದು, ಅಪ್ಪ ಇವರಿಗೆ ಹೇಳಿದ್ದು.

"ಅಲ್ಲಿ ಕುರಿ ಅದಾವಂತ, ಕುರುಬರಿಲ್ಲಂತ. ನಾಯಿನೇ ಕಾಯ್ತಾವಂತ," ಎಂದು ನನ್ನ ಅಜ್ಜಿಯ ಮುಖ ನೋಡಿ ನಗುತ್ತಿದ್ದರು. ನಮ್ಮದು ಕುರಿ ಕಾಯುವ ಮನೆತನ. ಅಜ್ಜಿ ಬಿಡುತ್ತಿರಲಿಲ್ಲ. "ಹಂಗಾದ್ರ ನೀನೂ ಹೋಗು. ಗಂಟಿ ಹೊಡಿಯಾಕ ಕತ್ತೆ ಇಟ್ಟಿರಬೇಕು ಅಲ್ಲಿ."

ಆ ಹಳ್ಳಿಯಲ್ಲಿ, ಸತ್ತವರ ಹೆಸರನ್ನು ಚರ್ಚಿನ ಗೋಡೆಯ ಕಲ್ಲಿನಲ್ಲಿ ಕೊರೆದಿಡುತ್ತಾರೆಂದು ದೊರಸಾನಿ ಹೇಳಿದ್ದಳಂತೆ. ನಮ್ಮಲ್ಲಿ ಮೊದಲು ಅದಕ್ಕೆ ಒಂದು ಪುಸ್ತಕವಿತ್ತು. ಅದನ್ನು ಗೆದ್ದಲು ತಿಂದಿತು. ಆಗ ತಾತನ ಅಪ್ಪ ಆ ಮಾತನ್ನು ನೆನಪು ಮಾಡಿಕೊಂಡರು. ಕಲ್ಲು ಕೊರೆಸುವ ಶಕ್ತಿ ಯಾರಿಗಿತ್ತು? ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣಿನಿಂದ ಬರೆದರು. "ಗೆದ್ದಲಿಗೆ ಕಾಗದ ತಿನ್ನಾಕ ಬರ್ತೈತಿ, ಸುಣ್ಣ ತಿನ್ನಾಕ ಬರಂಗಿಲ್ಲ," ಎಂದು ತಾತ ಹೇಳುತ್ತಿದ್ದರು, ತಾವೇ ಕಂಡುಹಿಡಿದವರ ಹಾಗೆ.

ಮೊದಲು ಬರೆದದ್ದು ಕ್ರೈಸ್ತರ ಹೆಸರು ಮಾತ್ರ. ಆಮೇಲೆ ಒಂದು ವರ್ಷ ಕಾಲರಾ ಬಂತು. ಎಲ್ಲ ಕೇರಿಗಳಲ್ಲೂ ಸತ್ತರು. ಗುಂಡಿ ತೋಡಲು ಹಿಂಜರಿಯದೆ ನಿಂತವರು ತಾತನ ಅಪ್ಪ. ತೋಡಿದ ಕೈಯಲ್ಲೇ ಎಲ್ಲರನ್ನೂ ಬರೆದರು. ಅಂದಿನಿಂದ ಆ ಗೋಡೆ ಊರಿನದಾಯಿತು. ಜನ ಅದನ್ನು 'ದಫ್ತರ' ಎನ್ನುತ್ತಿದ್ದರು. ತಹಶೀಲ್ದಾರ ಕಚೇರಿಯಲ್ಲಿ ಒಂದು ದಫ್ತರ, ಚರ್ಚಿನಲ್ಲಿ ಒಂದು. ಜಾತಿ ಇಲ್ಲ, ಮನೆತನ ಇಲ್ಲ; ಹೆಸರು, ಮತ್ತು ಊರು ಅವರನ್ನು ಯಾವುದರಿಂದ ಗುರುತಿಸುತ್ತಿತ್ತೋ ಅದು. ಹೊಳೆಯಲ್ಲಿ ಹೋದ ಈರಮ್ಮ. ಬಾವಿ ತೋಡಿದ ಸಣ್ಣ ಹನುಮಂತ. ಪುಣೆಗೆ ದುಡಿಯಲು ಹೋಗಿ ಬಾರದ ತಿಪ್ಪಣ್ಣ...

ಹೊಳೆಯ ತೇವ ನೆಲದೊಳಗಿನಿಂದಲೇ ಏರಿ ಬರುವ ಊರು ನಮ್ಮದು. ವರ್ಷ ತುಂಬುವಷ್ಟರಲ್ಲಿ ಗೋಡೆಯ ಸುಣ್ಣ ಹೊಪ್ಪಳೆ ಏಳುತ್ತಿತ್ತು. ಆದ್ದರಿಂದ ಕ್ರಿಸ್‌ಮಸ್‌ಗೆ ಒಂದು ವಾರ ಮೊದಲು ತಾತ ಸುಣ್ಣದ ಕಲ್ಲನ್ನು ಗಡಿಗೆಯಲ್ಲಿ ಹಾಕಿ ನೀರು ಸುರಿಯುತ್ತಿದ್ದರು. ಅದು ಕೊತಕೊತ ಕುದಿಯುವ ಸದ್ದಿಗೆ ನಾವು ಮಕ್ಕಳು ಓಡುತ್ತಿದ್ದೆವು. ಮೊದಲ ಸಾರಿ ಹಚ್ಚಿದಾಗ ಹೆಸರುಗಳು ನೀರಿನೊಳಗೆ ಇದ್ದಂತೆ ಕಾಣುತ್ತಿದ್ದವು. ಎರಡನೇ ಸಾರಿಗೆ ಏನೂ ಇರುತ್ತಿರಲಿಲ್ಲ. ಒಂದು ಹಗಲು ಗೋಡೆ ಖಾಲಿ. ಮರುದಿನ ಕೆಮ್ಮಣ್ಣಿಗೆ ಜಾಲಿಯ ಅಂಟು ಕಲಸಿ, ಈಚಲ ಕಡ್ಡಿ ಹಿಡಿದು, ತಾತ ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ನೆನಪಿನಿಂದಲೇ ಬರೆಯುತ್ತಿದ್ದರು. ಒಂದು ಸಾರಿಯಷ್ಟೇ ಹಚ್ಚಿ, ಕಾಣುವ ಅಕ್ಷರಗಳ ಮೇಲೆ ತಿದ್ದಬಾರದೇ ಎಂದು ನಾನೊಮ್ಮೆ ಕೇಳಿದ್ದೆ. "ತಿದ್ದಿದ್ರ ಅದು ಬರದಂಗಲ್ಲವ್ವಾ. ವರ್ಷಕ್ಕೊಮ್ಮೆ ಒಬ್ಬೊಬ್ಬರನ್ನ ಕರೀಬೇಕು," ಅಂದರು.

ಬರೆಯುವ ದಿನ ಊರಿನ ಹೆಂಗಸರೆಲ್ಲ ಬಂದು ಕೂರುತ್ತಿದ್ದರು. ಅಜ್ಜಿ ನನ್ನನ್ನು ಕಂಕುಳಲ್ಲಿ ಹೊತ್ತು ಹೋಗುತ್ತಿದ್ದಳು.

"ನನ್ನ ಗಂಡನ್ನ ಮೂಲ್ಯಾಗ ಕುಂದ್ರಿಸಿಯಲ್ಲೋ. ಬಿಸಿಲು ಬೀಳಂಗಿಲ್ಲ ಅಲ್ಲಿ."

"ಬಿಸಿಲಾಗ ಕುರಿ ಕಾದು ಸಾಕಾಗಿತ್ತು ಅಂವಗ. ನೆಳ್ಳಾಗ ಇರ್ಲಿ ಬಿಡಕ್ಕಾ."

ನಾನು ಅಕ್ಷರ ಕಲಿತದ್ದು ಆ ಗೋಡೆಯಿಂದ. ಶಾಲೆಗೆ ಸೇರುವ ಮೊದಲೇ 'ಈ' ಬರೆಯಲು ಬರುತ್ತಿತ್ತು, ಈರಮ್ಮನಿಂದಾಗಿ.

ಎಂ.ಎ. ಎರಡನೇ ವರ್ಷ ಕಿರುಪ್ರಬಂಧ ಬರೆಯಬೇಕಾಗಿ ಬಂದಾಗ ಇದೇ ವಿಷಯ ತೆಗೆದುಕೊಂಡೆ: ನಮ್ಮೂರು ಮತ್ತು ಅದರ ಚರ್ಚಿನ ಚರಿತ್ರೆ. ಆ ಡಿಸೆಂಬರಿನಲ್ಲಿ ತಾತ ಗೋಡೆ ಬರೆದು ಮುಗಿಸಿದ ಮೇಲೆ ಮೂರು ದಿನ ಚರ್ಚಿನ ನೆಲದ ಮೇಲೆ ಕೂತು ಪ್ರತಿ ಮಾಡಿಕೊಂಡೆ. ತಾತನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಅಕ್ಷರ ಕಾಣುತ್ತಿರಲಿಲ್ಲ, ಎಡಗೈಯಿಂದ ಗೋಡೆ ಅಳೆದು ಬಲಗೈಯಿಂದ ಬರೆದಿದ್ದರು. ಸಾಲುಗಳು ಸ್ವಲ್ಪ ಇಳಿಜಾರಾಗಿದ್ದವು, ಅಷ್ಟೇ.

ನಾನು ಪುಸ್ತಕದಲ್ಲಿ ಮೂರು ಕಾಲಂ ಹಾಕಿದ್ದೆ: ಹೆಸರು, ಗುರುತು, ಈಗಿರುವ ಸಂಬಂಧಿಕರು. ಒಳಗೆ ಕತ್ತಲೆ. ಬೆಳಕಿಗೆಂದು ಬಾಗಿಲನ್ನು ಪೂರ್ತಿ ತೆರೆದು, ಗಾಳಿಗೆ ಮುಚ್ಚದಂತೆ ಕಲ್ಲು ಇಟ್ಟಿದ್ದೆ. ಒಳಕ್ಕೆ ತೆರೆಯುವ ಬಾಗಿಲು ಅದು; ತೆರೆದರೆ ಹಿಂದಿನ ಗೋಡೆ ಮುಚ್ಚಿಹೋಗುತ್ತದೆ. ಫೋನಿನಲ್ಲಿ ತೆಗೆದ ಎಲ್ಲ ಚಿತ್ರಗಳಲ್ಲೂ ಅಲ್ಲಿ ಬಾಗಿಲ ಹಲಗೆ ಮಾತ್ರ ಇದೆ.

ಆ ಜಾಗವನ್ನು ನಾನು ನೋಡಿಯೇ ಇರಲಿಲ್ಲ ಎಂದಲ್ಲ. ಮೊದಲ ದಿನ ಬಾಗಿಲು ತೆರೆಯುವಾಗ ನೋಡಿದ್ದೆ. ನೆಲದಿಂದ ಮೊಣಕಾಲೆತ್ತರಕ್ಕೆ, ಕಿರುಬೆರಳ ಅಗಲದ ಕೆಂಪು ಗೆರೆಗಳು, ಪಕ್ಕಪಕ್ಕದಲ್ಲಿ. ಅಕ್ಷರವಿಲ್ಲ. ತಾತ ಕುಂಚ ಒರೆಸಿಕೊಂಡ ಜಾಗ ಎಂದುಕೊಂಡೆ. ನನ್ನ ಮೂರು ಕಾಲಂಗಳಲ್ಲಿ ಯಾವುದಕ್ಕೂ ಅವು ಸೇರುತ್ತಿರಲಿಲ್ಲ. ಕೇಳಬಹುದಿತ್ತು... ಕೇಳುವ ಸ್ವಭಾವ ನನ್ನದಲ್ಲ.

ಮೂರನೇ ದಿನ ಮಧ್ಯಾಹ್ನ ಇಡೀ ಪಟ್ಟಿಯನ್ನು ತಾತನಿಗೆ ಓದಿ ಹೇಳಿದೆ. ಅವರು ಕಂಬಕ್ಕೆ ಒರಗಿ, ಪ್ರತಿ ಹೆಸರಿಗೂ ಗೋಣು ಹಾಕುತ್ತ ಕೇಳಿದರು. ಎರಡು ಕಡೆ ತಿದ್ದಿದರು. ಮುಗಿದ ಮೇಲೆ, "ಬಾಗಿಲ ಹಿಂದಿನವು ಬರಕೊಂಡ್ಯಾ?" ಅಂದರು.

ಊರ ಅಗಸೆಬಾಗಿಲ ಹತ್ತಿರ ಬಸ್ಸು ಹಾರನ್ ಹೊಡೆಯಿತು. ಮಾಗನೂರಿಗೆ ಹೋಗಿ, ಅಲ್ಲಿಂದ ನಾನು ಓದುತ್ತಿದ್ದ ರಾಯಚೂರಿನ ಬಸ್ಸು ಹಿಡಿಯಬೇಕಾಗಿತ್ತು.

"ಹೂಂ ತಾತ, ಎಲ್ಲಾ ಬರಕೊಂಡೀನ್ರಿ," ಅಂದೆ.

ಅವರು ಕೇಳಿದ್ದು ನನಗೆ ಅರ್ಥವಾಗಿತ್ತೋ ಇಲ್ಲವೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಪುಸ್ತಕವನ್ನು ಚೀಲಕ್ಕೆ ತುರುಕಿ ಓಡಿದೆ.

ಅದಕ್ಕೆ ಎರಡು ವರ್ಷ ಮೊದಲು ಚರ್ಚಿಗೆ ಗದ್ವಾಲಿನಿಂದ ಹೊಸ ಪಾಸ್ಟರು ಬಂದಿದ್ದರು. ಊರವರು ಅವರನ್ನು ಅಯ್ಯಗಾರು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ತೇವದ ಗೋಡೆಗೆ ಟೈಲ್ಸ್ ಹಾಕಿಸಬೇಕೆಂದು ಅವರ ಆಸೆ. ಯಾರೋ ಭಕ್ತರು ಕೊಡಿಸಲು ಒಪ್ಪಿಯೂ ಇದ್ದರು. "ಟೈಲ್ಸ್ ವೇಸ್ತೇ ನೂರೇಳ್ಳು ಉಂಟುಂದಿ ತಾತಾ," ನೂರು ವರ್ಷ ಬಾಳುತ್ತದೆ ಎಂದು ತೆಲುಗಿನಲ್ಲಿ ಒಪ್ಪಿಸಲು ನೋಡುತ್ತಿದ್ದರು. ಎರಡು ವರ್ಷ ತಾತ ಒಪ್ಪಿರಲಿಲ್ಲ. "ನೂರು ವರ್ಷ ಇವರನ್ನ ಕರಿಯೋರು ಯಾರಯ್ಯಾ?" ಎಂದು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದರು.

ನಾನು ಹೋದ ಮರುವಾರ ಅವರೇ ಅಯ್ಯಗಾರನ್ನು ಕರೆದು ಹೇಳಿದರಂತೆ: ಹಾಕಿಸ್ರಿ. ಕಣ್ಣು ಹೋಗ್ಯಾವ, ಮುಂದಿನ ವರ್ಷ ಕೈಗೂ ಗೊತ್ತಾಗಲಿಕ್ಕಿಲ್ಲ. ಕುರುಬರ ಹುಡುಗಿ ಎಲ್ಲಾ ಬರಕೊಂಡು ಹೋಗ್ಯಾಳ, ಇನ್ನ ಚಿಂತಿಲ್ಲ.

ಟೈಲ್ಸ್ ಕೂರಬೇಕಾದರೆ ಹಳೆಯ ಸುಣ್ಣವನ್ನು ಕಲ್ಲು ಕಾಣುವವರೆಗೆ ಕೆತ್ತಬೇಕು. ಎರಡು ದಿನ ಸುತ್ತಿಗೆ ಸದ್ದು ಕೇಳುತ್ತಿತ್ತಂತೆ. ಕೆತ್ತಿದ ಸುಣ್ಣವನ್ನು ಬುಟ್ಟಿಯಲ್ಲಿ ಹೊತ್ತು ಹೊಳೆಯ ದಾರಿಯ ತಗ್ಗಿಗೆ ಸುರಿದರಂತೆ. ಒಂದೊಂದು ಪದರದಲ್ಲೂ ಕೆಂಪು ಇತ್ತೆಂದು ಹೇಳಿದವರಿದ್ದಾರೆ. ಎಷ್ಟೋ ವರ್ಷಗಳ ಹೆಸರುಗಳು, ಒಂದರ ಕೆಳಗೊಂದು.

ಬೇಸಿಗೆಯಲ್ಲಿ ಪ್ರಬಂಧವನ್ನು ರಾಯಚೂರಿನಲ್ಲಿ ರಟ್ಟು ಹಾಕಿಸಿಕೊಂಡು ಊರಿಗೆ ಹೋದೆ. ಒಂದು ಪ್ರತಿ ತಾತನಿಗೆ. ಚರ್ಚಿನ ಗೋಡೆ ಆಸ್ಪತ್ರೆಯ ಗೋಡೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ದೊರಸಾನಿಯ ಊರಿನ ಚಿತ್ರಕ್ಕೆ ಮೊಳೆ ಹೊಡೆಯಲು ಬರುವುದಿಲ್ಲವೆಂದು ಅದನ್ನು ಬೆಂಚಿನ ಕೆಳಗೆ ಇಟ್ಟಿದ್ದರು. ತಾತ ಮೆಟ್ಟಿಲ ಮೇಲೆ ಕೂತಿದ್ದರು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಪುಟಗಳ ಮೇಲೆ ಕೈಯಾಡಿಸಿದರು. ಅಕ್ಷರ ಕೈಗೆ ಹತ್ತಲಿಲ್ಲ. ನಕ್ಕರು.

"ಬಾಗಿಲ ಹಿಂದಿಂದು ತಗಿ. ಅದನ್ನೊಂದು ಓದು."

ಏನು ತಾತ ಬಾಗಿಲ ಹಿಂದೆ, ಅಂದೆ.

ಅವರು ತಡಮಾಡದೆ, ಏನೂ ಆಗಿಲ್ಲವೆಂಬಂತೆ ಹೇಳಿದರು. ಹೆಸರಿಡುವ ಮೊದಲೇ ಹೋದ ಕೂಸುಗಳು ಅವು. ಹೆಸರಿಲ್ಲ ಅಂದಮೇಲೆ ಬರೆಯುವುದೇನು? ಒಂದು ಗೆರೆ. ಎಲ್ಲ ಕೇರಿಗಳವೂ ಇದ್ದವು. ತಾತನವೇ ಎರಡು. ನೆಲಕ್ಕೆ ಕೂತ ಹೆಂಗಸಿನ ಕೈಗೆ ಸಿಗುವ ಎತ್ತರದಲ್ಲಿ, ಬಾಗಿಲ ಮರೆಯಲ್ಲಿ, ಯಾರೂ ನೋಡದಂತೆ. ಬರೆಯುವ ದಿನ ಎಲ್ಲರೂ ಎದ್ದುಹೋದ ಮೇಲೆ ಒಬ್ಬೊಬ್ಬ ತಾಯಿಯಾಗಿ ಬಂದು, ಬಾಗಿಲು ಮುಂದಕ್ಕೆ ಮಾಡಿಕೊಂಡು, ತನ್ನ ಗೆರೆಯನ್ನು ಬೆರಳಿನಿಂದ ಮುಟ್ಟಿ ಹೋಗುತ್ತಿದ್ದಳು. ಯಾವುದು ಯಾರದೆಂದು ಬರೆದಿರಲಿಲ್ಲ. ತಾಯಿಗೆ ಗೊತ್ತು, ತಾತನ ಕೈಗೆ ಗೊತ್ತು.

"ನಿಮ್ಮವ್ವಂದು ಕೀಲಿನ ಕಡಿಂದ ಮೂರನೇದು," ಅಂದರು. "ನಿನಕಿಂತ ಮೊದಲಿಂದು. ಹೆಣ್ಣುಕೂಸು."

ನನಗೆ ಗೊತ್ತಿರಲಿಲ್ಲ. ಅವ್ವ ಪ್ರತಿ ವರ್ಷ ಆ ದಿನ ಅಜ್ಜಿಯ ಜೊತೆ ಹೊರಡದೆ, ಒಬ್ಬಳೇ ತಡವಾಗಿ ಚರ್ಚಿಗೆ ಹೋಗಿ ಬರುತ್ತಿದ್ದಳು. ಸುಣ್ಣದ ಗಡಿಗೆ ತೊಳೆದುಕೊಡಲು ಹೋಗುತ್ತಾಳೆ ಎಂದುಕೊಂಡಿದ್ದೆ.

ಈಗ ಬರೆಯೋಣ ತಾತ, ನೀವು ಹೇಳ್ರಿ, ಅಂದೆ. ಅವರು ಪ್ರಯತ್ನಿಸಿದರು. ಎಡಗೈ ಎತ್ತಿ, ಗಾಳಿಯಲ್ಲಿ ಗೇಣು ಹಾಕಿ, "ಕೀಲಿನ ಕಡಿಂದ ಒಂದು... ಅದು ನಂದು. ಅದರ ಬಾಜೂಕ..." ಎಂದು ನಿಂತರು. ಮತ್ತೆ ಮೊದಲಿನಿಂದ ಶುರುಮಾಡಿದರು. ನಾಲ್ಕನೆಯದರ ಮುಂದೆ ಕೈ ಹೋಗಲಿಲ್ಲ. ಒಳಗೆ ಕರೆದುಕೊಂಡು ಹೋದೆ, ಬಾಗಿಲ ಹಿಂದೆ ಕೂರಿಸಿದೆ. ಟೈಲ್ಸ್ ಮೇಲೆ ಕೈಯಿಟ್ಟರು. ಬೆರಳು ಜಾರಿತು. ಎಲ್ಲ ಕಡೆ ಒಂದೇ ನುಣುಪು.

"ಗ್ವಾಡಿ ಇದ್ದಿದ್ರ ಕೈ ಹೇಳ್ತಿತ್ತವ್ವಾ. ತೆಲಿಗೆ ಅದು ಗೊತ್ತಿಲ್ಲ."

ತಾಯಂದಿರನ್ನು ಕೇಳೋಣ ಅಂದೆ. ಅರ್ಧ ಜನ ತಾವೇ ದಫ್ತರದ ಮೇಲೆ ಹೋಗಿದ್ದಾರೆ, ಉಳಿದವರು ಬಾಯಿ ಬಿಟ್ಟು ಹೇಳುವಂಥದ್ದಾಗಿದ್ದರೆ ಬಾಗಿಲ ಹಿಂದೆ ಯಾಕೆ ಬರೆಸುತ್ತಿದ್ದರು, ಅಂದರು. ಗೆರೆ ಎಷ್ಟು ಬೇಕಾದರೂ ಎಳೆಯಬಹುದು, ಅವು ಯಾರವಾಗುತ್ತವೆ?

ನಾನು ಕ್ಷಮೆ ಕೇಳಬೇಕೆಂದಿದ್ದೆ. ತಾತ ಟೈಲ್ಸ್ ಮೇಲಿಂದ ಕೈ ತೆಗೆದರು. ಆಮೇಲೆ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವ ದನಿಯಲ್ಲಿ ಕೇಳಿದರು:

"ಅವತ್ತು ಬಸ್ಸು ಸಿಕ್ತೇನವ್ವಾ?"

ಸಿಕ್ಕಿತ್ತು. ಹೂಂ ಅಂದೆ.

ಏಳುವಾಗ ಬಾಗಿಲ ಚೌಕಟ್ಟಿನ ಸಂದಿ ತಡವಿ, ಕುಂಚ ತೆಗೆದು ನನ್ನ ಕೈಗೆ ಕೊಟ್ಟರು. "ಒಯ್ಯಿ. ಇದಕ್ಕಿನ್ನ ಇಲ್ಲಿ ಕೆಲಸಿಲ್ಲ."

ಮನೆಗೆ ಬಂದಾಗ ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಚರ್ಚಿಗೆ ಹೋಗಿದ್ದೆ ಅಂದೆ. ತಲೆ ಎತ್ತಲಿಲ್ಲ. "ಟೈಲ್ಸು ಚಂದ ಅದಾವಲ್ಲ? ಒರೆಸಾಕ ಹಗೂರ," ಅಂದಳು. ಇನ್ನೊಂದು ಹಿಡಿ ಮೆಣಸಿನಕಾಯಿ ಎಳೆದುಕೊಂಡಳು. ನಾನು ಪಕ್ಕದಲ್ಲಿ ಕೂತು ತೊಟ್ಟು ಬಿಡಿಸಿದೆ. ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು ಬಂತು. ಅದಕ್ಕೆ ಘಾಟು ಎಂಬ ಹೆಸರಿತ್ತು. ಆ ಮೇಲೂ ನಾವು ಆ ಮಾತು ಎತ್ತಿಲ್ಲ.

ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಪಟ್ಟಿ ಸಂಪೂರ್ಣವಾಗಿದೆ ಎಂದು ಪರೀಕ್ಷಕರು ಮೆಚ್ಚಿ ಬರೆದಿದ್ದರು.

ತಾತ ಹೋಗಿ ಎರಡು ವರ್ಷವಾಯಿತು. ಗಂಟೆ ಹೊಡೆಯುವವರಿಲ್ಲ, ಈಗ ಮೈಕಿನಲ್ಲಿ ಗಂಟೆಯ ಸದ್ದು ಹಾಕುತ್ತಾರೆ. ಅವರ ಹೆಸರು ಬರೆಯಲು ಗೋಡೆಯಿಲ್ಲ. ಇಲ್ಲಿಯೂ ನಾನು ಬರೆಯುತ್ತಿಲ್ಲ. ಒಮ್ಮೆ ಕಾಗದದ ಮೇಲೆ ಎಲ್ಲ ಬರೆದುಕೊಂಡೆ ಎಂದು ಹೇಳಿದವಳು ನಾನು. ಅವರ ಹೆಸರನ್ನೂ ಕಾಗದಕ್ಕೆ ಕೊಡುವ ಧೈರ್ಯ ಈಗಿಲ್ಲ. ಊರಲ್ಲಿ ಗಂಟಿ ತಾತ ಎಂದರೆ ನನ್ನ ವಯಸ್ಸಿನವರಿಗೆ ಗೊತ್ತು. ನಮ್ಮ ನಂತರದವರಿಗೆ ಗೊತ್ತಿರಬೇಕಾದ ಕಾರಣವಿಲ್ಲ.

ಆ ಭಾನುವಾರ ಸಂಜೆ ಮಕ್ತಲ್ ಬಜಾರಿನ ಒಂದು ಅಂಗಡಿಯಲ್ಲಿ ಕೆಮ್ಮಣ್ಣು ಕೇಳಿ ತಂದೆ. ರಂಗೋಲಿಗಾ ಎಂದು ಕೇಳಿದರು. ಹೌದೆಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋದೆ. ಚರ್ಚಿನ ಪಕ್ಕದ ಮನೆಯಲ್ಲಿ ಬೀಗದ ಕೈ ಇಸಿದುಕೊಂಡು ಒಳಗೆ ಹೋಗಿ, ಬಾಗಿಲು ಮುಚ್ಚಿ, ಅದರ ಹಿಂದೆ ನೆಲಕ್ಕೆ ಕೂತೆ. ಬಾಟಲಿಯ ಮುಚ್ಚಳದಲ್ಲಿ ಕೆಮ್ಮಣ್ಣು ಕಲಸಿ, ಕುಂಚ ಅದ್ದಿ, ಕೀಲಿನ ಕಡೆಯಿಂದ ಗೇಣು ಹಾಕಿ, ಮೂರನೆಯದು ಇರಬಹುದಾದ ಜಾಗದಲ್ಲಿ ಒಂದು ಗೆರೆ ಎಳೆದೆ. ಅದು ಹಿಡಿಯಲಿಲ್ಲ. ನುಣುಪಿನ ಮೇಲೆ ಹನಿಹನಿಯಾಗಿ ಕೂಡಿ, ನಿಧಾನವಾಗಿ ನೆಲದವರೆಗೆ ಇಳಿಯಿತು. ಅದು ನಿಲ್ಲುವವರೆಗೆ ನೋಡಿದೆ. ಆಮೇಲೆ ವೇಲಿನ ತುದಿಯಿಂದ ಒರೆಸಿದೆ. ಅವ್ವ ಹೇಳಿದ್ದು ನಿಜ, ಒರೆಸಲು ಹಗುರ.

ಮನೆಗೆ ಹೋಗಲಿಲ್ಲ. ಬೀಗದ ಕೈ ವಾಪಸ್ಸು ಕೊಟ್ಟು, ಶಾಲೆಯ ಹೊತ್ತಾಗಿತ್ತೆಂದು ಅಗಸೆಯ ಕಡೆ ಬೇಗ ಬೇಗ ನಡೆದೆ. ಬಸ್ಸು ಸಿಕ್ಕಿತು.